ಎರೆಯ ಹತ್ತಿ, ಘಟ್ಟದ ದಾರಿ: ಅಳ್ನಾವರದ ಕಡೆಯಿಂದ ಒಂದು ನೋಟ

ಅಳ್ನಾವರ ಎರೆ ಸೀಮೆಯ ಊರಲ್ಲ. ಸುತ್ತ ಭತ್ತದ ಗದ್ದೆ, ಆಚೆ ಹಳಿಯಾಳ, ದಾಂಡೇಲಿಯ ಕಾಡು. ಆದರೂ ಧಾರವಾಡ ಜಿಲ್ಲೆಯ ಹತ್ತಿಯ ಇತಿಹಾಸದಲ್ಲಿ ಈ ಊರನ್ನು ಬಿಡುವಂತಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹೊಲಗಳಲ್ಲಿ ಬೆಳೆದದ್ದು ಯಾವ ದಾರಿ ಹಿಡಿದು ಸಮುದ್ರ ಸೇರಿತೆಂಬುದೇ ಇಲ್ಲಿನ ಪೇಟೆಗಳ ಹಣೆಬರಹ ಬರೆದಿದೆ.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ, ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಪ್ರಯೋಗ ನಡೆಸಿತು. ವಿಲಾಯತಿ ಹತ್ತಿ ಎರೆಗೆ ಒಗ್ಗಿತು. ತೊಡಕಾದದ್ದು ಬೀಜ ಬಿಡಿಸುವಾಗ. ಜವಾರಿ ಹತ್ತಿಯನ್ನು ಹೆಂಗಸರು ಕಾಲಿನಿಂದಲೇ ಬಿಡಿಸುತ್ತಿದ್ದರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯಿಟ್ಟು ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿದರೆ ಬೀಜ ಮುಂದೆ ಜಾರಿ ಅರಳೆ ಹಿಂದೆ ಉಳಿಯುತ್ತಿತ್ತು. ವಿಲಾಯತಿ ಬೀಜವನ್ನು ನಾರು ಬಿಗಿಯಾಗಿ ಹಿಡಿದಿರುವುದರಿಂದ ಅದಕ್ಕೆ ಗರಗಸದ ಜಿನ್ನೇ ಬೇಕಾಯಿತು. ಜಿನ್ನಿನ ಹಿಂದೆಯೇ ಎರಡೂ ಹತ್ತಿ ಬೆರೆಸಿ ಮಾರುವ ಚಾಳಿಯೂ ಬಂತು. ಹತ್ತಿಯ ಮೋಸ ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ತಂದಿತು. ಅದು ಅಮೆರಿಕದ ಅಂತರ್ಯುದ್ಧದ ಕಾಲ (1861–65). ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಕ್ಕರೆ ಸಾಕಾಗಿತ್ತು. ದರ ಏರಿತು. ಯುದ್ಧ ಮುಗಿದೊಡನೆ ಇಳಿಯಿತು.

ಆಗ ಹತ್ತಿಯ ಬಂದರು ಕುಮಟಾ. ಜವಾರಿ ತಳಿಗೆ ಪರದೇಶದ ಪೇಟೆಯಲ್ಲಿ ಆ ಬಂದರಿನ ಹೆಸರೇ ನಿಂತಿತ್ತು. ಬೆಳೆದ ಊರಿಗೆ ಸಿಗದ ಹೆಸರು ಸಾಗಿಸಿದ ಊರಿಗೆ ಸಿಕ್ಕಿತು! ಮೊದಲು ಹೇರೆತ್ತುಗಳ ಬೆನ್ನ ಮೇಲೆ, ರಸ್ತೆಯಾದ ಮೇಲೆ ಬಂಡಿಗಳಲ್ಲಿ, ಅಂಡಿಗೆಗಳು ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುತ್ತಿದ್ದವು. ಕಲಘಟಗಿ, ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿ ಇನ್ನೊಂದು. ಮರಳುವಾಗ ಕರಾವಳಿಯ ಉಪ್ಪು. ಮಳೆಗಾಲದಲ್ಲಿ ಘಟ್ಟವೂ ಬಂದ್, ಬಂದರೂ ಬಂದ್.

ಯುರೋಪಿನೊಡನೆ ಹೋಲಿಸುವವರು ಇಲ್ಲಿ ತುಸು ನಿಲ್ಲಬೇಕು. 16–17ನೇ ಶತಮಾನದಲ್ಲಿ ಬಾಲ್ಟಿಕ್ ಸೀಮೆಯ ಕಾಳು ಹಡಗಿನಲ್ಲಿ ಆಮ್‌ಸ್ಟರ್‌ಡಾಮಿಗೆ ಬರುತ್ತಿತ್ತು. ಹಾಗಾಗಿ ಡಚ್ ರೈತರು ಕಾಳು ಬೆಳೆಯುವುದನ್ನು ತಗ್ಗಿಸಿ ಬೆಣ್ಣೆ, ಗಿಣ್ಣು, ಅಗಸೆಗೆ ಹೊರಳಬಹುದಾಯಿತು. ಆ ಪೇಟೆಯ ವರ್ತಕರಿಗೆ 1609ರಿಂದ ತಮ್ಮದೇ ಬ್ಯಾಂಕು ಇತ್ತು. ನಮ್ಮ ಎರೆಯ ರೈತನಿಗೆ ಅಂಥ ಹೊರಗಿನ ಕಾಳೂ ಇರಲಿಲ್ಲ, ಬ್ಯಾಂಕೂ ಇರಲಿಲ್ಲ, ಇದ್ದವನು ಸಾವುಕಾರ. ಹತ್ತಿಯ ಜೊತೆ ಬಿಳಿಜೋಳ ಬಿಡದೆ ಬಿತ್ತಿದ್ದನ್ನು ಕೆಲವರು ಹಿಂದುಳಿದ ಬೇಸಾಯವೆಂದರು. ನನ್ನ ದೃಷ್ಟಿಯಲ್ಲಿ ಅದು ಲೆಕ್ಕಾಚಾರ. 1876–78ರ ಬರದಲ್ಲಿ ಹತ್ತಿಯನ್ನು ಯಾರೂ ಉಣ್ಣುವಂತಿರಲಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಎರೆ ಸೀಮೆಗೆ ಬಂತು. ಧಾರವಾಡ, ಅಳ್ನಾವರ, ಲೋಂಡಾ ದಾಟಿ ಕ್ಯಾಸಲ್‌ರಾಕಿನ ಮೇಲೆ ಮರ್ಮಗೋವಾ ಬಂದರಿಗೆ ಹಳಿ ಕೂಡಿತು. ಅಣ್ಣಿಗೇರಿಯಲ್ಲೂ ಸ್ಟೇಷನ್ನಾಯಿತು. ಕುಮಟಾದ ಹತ್ತಿ ವ್ಯಾಪಾರ ಸೊರಗಿತು. ಘಟ್ಟದ ಬಂಡಿಗಳಿಗೆ ಬಾಡಿಗೆ ಕಡಿಮೆಯಾಯಿತು. ಅಳ್ನಾವರದ ಪಾಲಿಗಂತೂ ಹತ್ತಿ ಬರೀ ಹಾದುಹೋಗುವ ಸರಕು. ಆ ಊರು ಬೆಳೆದದ್ದು ದಾಂಡೇಲಿಯ ಕಡೆ ಕವಲೊಡೆದ ಹಳಿಯಿಂದ, ಅದರ ಮೇಲೆ ಬಂದ ಸಾಗವಾನಿಯಿಂದ.