ಎಂಜಿನ್‌ಗಾಗಿ ಕಾದ ಮಾರುತ್

ಸದ್ದು ಕೇಳಿದ ಕೂಡಲೇ ಅಂಗಳಕ್ಕೆ ಓಡಿಬಂದು, ಹಣೆಗೆ ಕೈ ಅಡ್ಡ ಹಿಡಿದು 'ಇಮಾನ, ಇಮಾನ' ಎಂದು ಕೂಗದವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ? ದೊಡ್ಡವರಾದ ಮೇಲೂ ಆ ಹುಚ್ಚು ಪೂರ್ತಿ ಬಿಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಬಳ್ಳಾರಿ ರಸ್ತೆಯ ಬದಿಗೆ ಬೈಕ್ ನಿಲ್ಲಿಸಿಕೊಂಡು, ಸುತ್ತಲ ಮನೆಗಳ ತಾರಸಿ ಹತ್ತಿ, ಕತ್ತೆತ್ತಿ ನಿಂತಿರುವ ಜನರನ್ನು ನೋಡಬೇಕು. ಕೈಯಲ್ಲಿ ಟಿಕೆಟ್ ಇಲ್ಲ, ಪಾಸ್ ಇಲ್ಲ. ಆದರೆ ಸುಖೋಯ್ ಯಾವುದು, ತೇಜಸ್ ಯಾವುದು ಎಂದು ಸದ್ದಿನಲ್ಲೇ ಹೇಳುವವರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ.

ಇಂಥವರಲ್ಲಿ ಸ್ವಲ್ಪ ವಯಸ್ಸಾದವರ ಹತ್ತಿರ ಕೂತು, ನಮ್ಮ ದೇಶದಲ್ಲಿ ತಯಾರಾದ ಅತ್ಯಂತ ಚೆಂದದ ವಿಮಾನ ಯಾವುದು ಎಂದು ಕೇಳಿ ನೋಡಿ. 'ಮಾರುತ್' ಎನ್ನುವವರು ಬೇಕಾದಷ್ಟು ಸಿಗುತ್ತಾರೆ. 1990ರ ಹೊತ್ತಿಗೇ ವಾಯುಪಡೆಯಿಂದ ಹೊರಬಿದ್ದ ವಿಮಾನ ಅದು. ಅಂದುಕೊಂಡ ವೇಗವನ್ನು ಒಮ್ಮೆಯೂ ಮುಟ್ಟಲಿಲ್ಲ. ಆದರೂ ಅದರ ಮೇಲೆ ಇಷ್ಟು ಪ್ರೀತಿ ಯಾಕೆ ಎಂದು ನಮಗೆ ಕುತೂಹಲವಿತ್ತು.

ಕಥೆ ಶುರುವಾಗುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಕಟ್ಟಿದ ಕಾರ್ಖಾನೆ. 1951ರಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಹಾರಿಸಿತ್ತು. ಮುಂದೆ ಒಂದು ಫ್ಯಾನ್, ಒಳಗೆ ಇಬ್ಬರಿಗೆ ಸೀಟು, ಅಷ್ಟೇ. ಅಲ್ಲಿಂದ ನೇರವಾಗಿ ಶಬ್ದದ ಎರಡರಷ್ಟು ವೇಗದ, ಅಂದರೆ ಎತ್ತರದಲ್ಲಿ ಗಂಟೆಗೆ ಸುಮಾರು 2,100 ಕಿ.ಮೀ. ಓಡುವ ಯುದ್ಧವಿಮಾನ ಬೇಕು ಎಂದಿತು ದೆಹಲಿ. ಒಂದನೇ ತರಗತಿಯ ಹುಡುಗನನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿದ ಹಾಗೆ.

ಅದಕ್ಕಾಗಿ 1956ರಲ್ಲಿ ಕರೆಸಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು. ಎರಡನೇ ಮಹಾಯುದ್ಧದಲ್ಲಿ 20,000ಕ್ಕೂ ಹೆಚ್ಚು ತಯಾರಾದ ಫೋಕೆ-ವುಲ್ಫ್ 190 ವಿಮಾನದ ವಿನ್ಯಾಸ ಅವರದ್ದು. ಕಾಗದದ ಮೇಲೆ ಗೆರೆ ಎಳೆದು ಸುಮ್ಮನಾಗುವ ಮನುಷ್ಯರಲ್ಲ, ತಾವು ಮಾಡಿದ ವಿಮಾನವನ್ನು ತಾವೇ ಹತ್ತಿ ಹಾರಿಸುತ್ತಿದ್ದವರು. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲೊಂದು ಜೆಟ್ ಮಾಡಿದರು. ಅಲ್ಲಿ ಸರ್ಕಾರ ಉರುಳಿದಾಗ ಸಣ್ಣದೊಂದು ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬಂದರು.

ಮೊದಲು ಅವರು ಮಾಡಿಸಿದ್ದು ಎಂಜಿನ್ನೇ ಇಲ್ಲದ ಮರದ ವಿಮಾನ! ಮಾರುತ್‌ನಷ್ಟೇ ದೊಡ್ಡದು, ಅದೇ ಆಕಾರ. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿದ್ದರು. ಗಾಳಿಯಲ್ಲಿ ಅದು ಹೇಗೆ ತೇಲುತ್ತದೆ, ಹೇಗೆ ತಿರುಗುತ್ತದೆ ಎಂದು ಎಂಬತ್ತಕ್ಕೂ ಹೆಚ್ಚು ಸಲ ಹಾರಿಸಿ ತಿಳಿದುಕೊಂಡರು. ನಿಜವಾದ ಮಾರುತ್ ಎದ್ದಿದ್ದು 1961ರ ಜೂನ್ 17ರಂದು, ಬೆಂಗಳೂರಿನ ನೆಲದಿಂದ. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣ ರಸ್ತೆಗೆ ಹೋಗಲು ಸುರಂಜನ್ ದಾಸ್ ರಸ್ತೆ ಹಿಡಿಯುತ್ತೇವಲ್ಲ, ಅದೇ ಹೆಸರು. ನಮ್ಮ ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ಹುಡುಗರು ದಿನಾ ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತಿರುತ್ತಾರೆ. ಆ ದಾಸ್ ಯಾರು ಎಂದು ಗೊತ್ತಿರುವವರು ಕಡಿಮೆ.

ಎಚ್‌ಎಎಲ್ ಮ್ಯೂಸಿಯಂಗೆ ನಾವು ಹೋದಾಗ ಜೊತೆಗೆ ನಮ್ಮ ತಾಲ್ಲೂಕಿನ ಹಿರಿಯರೊಬ್ಬರಿದ್ದರು. ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾವು ಮಾರುತ್‌ನ ಮೂಗಿನ ಹತ್ತಿರ ನಿಂತು ಸೆಲ್ಫಿ ತೆಗೆಯುತ್ತಿದ್ದರೆ ಅವರು ಪಕ್ಕಕ್ಕೆ ಹೋಗಿ ನಿಂತರು. 'ಅಲ್ಲೇನು ನೋಡ್ತೀರಪ್ಪಾ, ಇಲ್ಲಿ ಬನ್ನಿ, ಸೊಂಟ ನೋಡಿ' ಅಂದರು. ರೆಕ್ಕೆ ಕೂಡುವ ಜಾಗದಲ್ಲಿ ವಿಮಾನದ ಮೈ ಒಳಕ್ಕೆ ಸಣ್ಣಗಾಗಿದೆ. ಅಲಂಕಾರಕ್ಕೆ ಅಂದುಕೊಂಡಿದ್ದೆವು. ಅಲ್ಲವಂತೆ. ಶಬ್ದದ ವೇಗ ಹತ್ತಿರವಾದಾಗ ವಿಮಾನದ ಒಟ್ಟು ದಪ್ಪ ಒಮ್ಮೆಲೇ ಏರಿದರೆ ಗಾಳಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ರೆಕ್ಕೆ ಶುರುವಾಗುವಲ್ಲಿ ದಪ್ಪ ಕೂಡುತ್ತದೆ, ಅದಕ್ಕೆ ಸರಿಯಾಗಿ ಮೈಯಲ್ಲಿ ಕಳೆಯಬೇಕು. ಲೆಕ್ಕಕ್ಕಾಗಿ ಬಂದ ಸೊಂಟವೇ ನೋಡುವವರ ಕಣ್ಣಿಗೆ ಚೆಲುವಾಯಿತು. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ, ಬಾಲದಲ್ಲಿ ಜೋಡಿ ಕೊಳವೆ. ನಿಂತಲ್ಲೇ ಓಡುತ್ತಿದೆ ಅನ್ನಿಸುತ್ತದೆ.

ಓಡಲಿಲ್ಲ ಎಂಬುದೇ ಸಂಕಟ. ಈ ಮೈಗೆ ಹೊಂದುವಂತೆ ಟ್ಯಾಂಕ್ ನಂಬಿಕೊಂಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಬ ಎಂಜಿನ್ನನ್ನು. ಅದು ಇನ್ನೂ ತಯಾರಾಗುತ್ತಿದ್ದಾಗಲೇ ಬೇರೆ ಗಿರಾಕಿಗಳು ಕೈಬಿಟ್ಟರು. ಮುಂದುವರಿಸಬೇಕೆಂದರೆ ಖರ್ಚು ನೀವು ಹಾಕಿ ಎಂದಿತು ಕಂಪನಿ. ನಮ್ಮ ಸರ್ಕಾರ ಹಾಕಲಿಲ್ಲ. ಕೊನೆಗೆ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಆರ್ಫಿಯಸ್ 703 ಎಂಜಿನ್‌ಗಳನ್ನು ಎರಡೆರಡು ಕೂರಿಸಿದರು. ಒಂದೊಂದರ ನೂಕುಬಲ ಸುಮಾರು 2,200 ಕಿಲೋ. ಎರಡೂ ಸೇರಿದರೂ ಶಬ್ದದ ವೇಗದ ಹತ್ತಿರ ಹೋಗುವಷ್ಟರಲ್ಲೇ ವಿಮಾನಕ್ಕೆ ಏದುಸಿರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ನಿಗಾಗಿ ಒಂದು ಮಾರುತ್ ಅನ್ನು ಅಲ್ಲಿಗೇ ಕಳಿಸಿ ನೋಡಿದ್ದಾಯಿತು. ಅದೂ ಕೈಗೂಡಲಿಲ್ಲ.

ಇದ್ದ ಎಂಜಿನ್ನಿಗೇ ಹೊಗೆಕೊಳವೆಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಪ್ರಯತ್ನವೂ ನಡೆಯಿತು. 1970ರ ಜನವರಿ 10ರಂದು ಅಂಥದ್ದೊಂದು ಪ್ರಯೋಗದ ಮಾರುತ್ ಮೇಲೇಳುತ್ತಿದ್ದಂತೆ ಬಿತ್ತು. ಒಳಗಿದ್ದವರು ಸುರಂಜನ್ ದಾಸ್. ಮೊದಲ ದಿನ ಅದನ್ನು ಆಕಾಶಕ್ಕೆ ಒಯ್ದವರೇ.

ಹಾಗಾದರೆ ದಂಡವೇ? ಅಲ್ಲಿ ನಮ್ಮ ತಕರಾರಿದೆ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಎರಡು ಸ್ಕ್ವಾಡ್ರನ್ ಮಾರುತ್‌ಗಳು 300ಕ್ಕೂ ಹೆಚ್ಚು ಸಲ ದಾಳಿಗೆ ಹಾರಿದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಹೋದರೂ ಇನ್ನೊಂದರ ಬಲದಲ್ಲೇ ಮನೆ ಸೇರಿದ ಮಾರುತ್‌ಗಳಿವೆ. ನೆಲಕ್ಕೆ ಹತ್ತಿರವಾಗಿ ಹಾರುವಾಗ ಅಲುಗದೆ ನೆಟ್ಟಗೆ ಹೋಗುತ್ತದೆ ಎಂಬುದು ಅದನ್ನು ಹಾರಿಸಿದವರ ಮೆಚ್ಚಿಕೆ. ಎರಡು ಸೀಟಿನವೂ ಸೇರಿ ಒಟ್ಟು 147 ತಯಾರಾದವು. ಅಷ್ಟನ್ನೂ ಜೋಡಿಸಿದ್ದು ಬೆಂಗಳೂರಿನ ಕೈಗಳು.

ತಪ್ಪು ಯಾರದ್ದು ಎಂಬ ವಾದ ಇನ್ನೂ ನಡೆಯುತ್ತಿದೆ. ಕಾಸು ಬಿಚ್ಚದ ಸರ್ಕಾರದ್ದು ಎಂದು ಹೆಚ್ಚಿನವರು ಹೇಳುತ್ತಾರೆ. ನಮಗನ್ನಿಸುವುದು, ಎತ್ತು ಸಿಗುತ್ತದೋ ಇಲ್ಲವೋ ನೋಡದೆ ಗಾಡಿ ಕಟ್ಟಲು ಕೂತಿದ್ದೂ ತಪ್ಪೇ. ಆ ತಪ್ಪು ಹಳೆಯ ಮಾತೂ ಅಲ್ಲ. ಬೆಂಗಳೂರಿನಲ್ಲೇ ತೇಜಸ್‌ಗೆಂದು ಕಾವೇರಿ ಎಂಜಿನ್ನಿನ ಕೆಲಸ ಶುರುವಾಗಿದ್ದು 1980ರ ದಶಕದಲ್ಲಿ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದು ಅಮೆರಿಕದ ಎಂಜಿನ್ ಹಾಕಿಕೊಂಡು. ಯಲಹಂಕದಲ್ಲಿ ನಾವು ಶಿಳ್ಳೆ ಹೊಡೆಯುವ ತೇಜಸ್‌ನ ಸದ್ದೂ ಆ ಆಮದು ಎಂಜಿನ್ನಿನದ್ದೇ.

ಟ್ಯಾಂಕ್ ಜರ್ಮನಿಗೆ ಮರಳಿ, 1983ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆ ಊರಿಗೆ ಹತ್ತಿರದ ಶ್ಲೈಸ್‌ಹೈಮ್‌ನ ವಿಮಾನ ಮ್ಯೂಸಿಯಂನಲ್ಲಿ ಇವತ್ತಿಗೂ ಒಂದು ಮಾರುತ್ ನಿಂತಿದೆ.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಎಚ್‌ಎಎಲ್ ಮ್ಯೂಸಿಯಂನಲ್ಲೊಂದಿದೆ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೊಂದಿದೆ. ಮಕ್ಕಳ ಶಾಲಾ ಪ್ರವಾಸ ಅಲ್ಲಿಗೆ ಹೋಗುವುದು ಮಾಮೂಲು. ಹೋದರೆ ಮೂಗಿನ ಹತ್ತಿರ ಫೋಟೋ ತೆಗೆದ ಮೇಲೆ ಪಕ್ಕಕ್ಕೆ ಬಂದು ಸೊಂಟ ನೋಡಿ. ಆಮೇಲೆ ಹಿಂದಕ್ಕೆ ಹೋಗಿ ಆ ಎರಡು ಕೊಳವೆಗಳನ್ನೂ ನೋಡಿ. ನಮ್ಮ ಫಿಟ್ಟರ್ ಯಜಮಾನರು ಅಲ್ಲಿ ನಿಂತಾಗ ಏನೂ ಹೇಳಲಿಲ್ಲ. ಬೆರಳಿನಿಂದ ಅಂಚು ಒಮ್ಮೆ ಸವರಿ, 'ಬಸ್ಸಿಗೆ ಹೊತ್ತಾಯ್ತು, ನಡೀರಪ್ಪಾ' ಅಂದರು.