ಗಾಜಿನ ನಳಿಗೆಯಿಂದ ಸಿಲಿಕಾನ್ ಚೂರಿಗೆ

ನಮ್ಮ ಕಲ್ಮಲ ಕಡೆ ಯಾರಿಗಾದ್ರೂ ಕ್ಯಾನ್ಸರ್ ಅಂದ ತಕ್ಷಣ ಮುಂದಿನ ಪ್ರಶ್ನೆ, "ಹೈದರಾಬಾದಿಗೋ, ಬೆಂಗಳೂರಿಗೋ?" ಅಲ್ಲಿ ಡಾಕ್ಟರು ಬರೆದುಕೊಡೋ ಪೆಟ್ ಸ್ಕ್ಯಾನ್ ಹೇಗೆ ನೋಡುತ್ತೆ ಅನ್ನೋದಕ್ಕೂ ಒಂದು ಇತಿಹಾಸ ಇದೆ.

ರೋಗಿಗೆ ಸಕ್ಕರೆಯಂಥ ವಿಕಿರಣಶೀಲ ಔಷಧಿ ಚುಚ್ಚುತ್ತಾರೆ. ಗಡ್ಡೆ ಅದನ್ನು ಜಾಸ್ತಿ ಹೀರಿಕೊಳ್ಳುತ್ತೆ. ಅದರಿಂದ ಹೊರಟ ಪಾಸಿಟ್ರಾನ್ ಎಲೆಕ್ಟ್ರಾನ್ ಜೊತೆ ಸೇರಿ ಇಲ್ಲವಾದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಹರಳುಗಳಿಗೆ ಅವು ಬಡಿದರೆ ಸಣ್ಣ ಮಿಂಚು. ಆ ಬೆಳಕನ್ನು ವಿದ್ಯುತ್ತಾಗಿ ಹಿಗ್ಗಿಸ್ತಿದ್ದದ್ದು ಫೋಟೋಮಲ್ಟಿಪ್ಲೈಯರ್ ಅನ್ನೋ ಗಾಜಿನ ನಳಿಗೆ.

ಮಿನುಗೋ ವಸ್ತು, ಎಣಿಸೋ ನಳಿಗೆ. ಇದೇ ಜೋಡಿ ನಮ್ಮ ರಾಜ್ಯದಲ್ಲೂ ದುಡಿದಿದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಿಐಎಫ್‌ಆರ್, ಒಸಾಕಾ ಮತ್ತು ಡರ್‌ಹ್ಯಾಮ್‌ನ ವಿಜ್ಞಾನಿಗಳು ನ್ಯೂಟ್ರಿನೋ ಗುರುತು ಹಿಡಿದದ್ದು ಹೀಗೇ. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು.

ಗಣಿಯಲ್ಲಿ ನಳಿಗೆ ದಪ್ಪ ಇದ್ರೆ ತೊಂದರೆ ಇರಲಿಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ ನೋಡ್ರಿ. ಅಲ್ಲಿ ಹುಡುಕೋದು ಕೆಲವೇ ಮಿಲಿಮೀಟರ್ ಗಡ್ಡೆ. ಅಮೆರಿಕದಲ್ಲಿ ಟೆರ್-ಪೊಗೋಸಿಯನ್, ಫೆಲ್ಪ್ಸ್, ಹಾಫ್‌ಮನ್ 1970ರ ದಶಕದಲ್ಲಿ ಪೆಟ್ ಯಂತ್ರ ಕಟ್ಟಿದಾಗಿನಿಂದ ಇದೇ ಗೋಳು: ಹರಳನ್ನು ಸಣ್ಣಗೆ ಕೊಯ್ಯಬಹುದು, ಪ್ರತಿ ಹರಳಿಗೂ ಒಂದು ನಳಿಗೆ ಕೂರಿಸೋಕೆ ಜಾಗ ಎಲ್ಲಿ? 1986ರಲ್ಲಿ ಕೇಸಿ ಮತ್ತು ನಟ್, ಹತ್ತಾರು ಹರಳುಗಳ ಬೆಳಕನ್ನು ನಾಲ್ಕೇ ನಳಿಗೆಗೆ ಹಂಚಿ, ಮಿಂಚಿದ್ದು ಯಾವುದು ಅಂತ ಲೆಕ್ಕ ಹಾಕೋ ಉಪಾಯ ಕೊಟ್ಟರು. ಜಾಣತನವೇ; ಆದರೂ ಅದು ಅಂದಾಜು.

ನಿಜವಾದ ಬಿಡುಗಡೆ ಸಿಲಿಕಾನಿನಿಂದ ಬಂತು. ರಷ್ಯಾದಲ್ಲಿ ಬೇರೂರಿದ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಉಗುರಿಗಿಂತ ಚಿಕ್ಕದು, ಒಳಗೆ ಸಾವಿರಾರು ಕೋಶಗಳು. ನಳಿಗೆಗೆ ಸಾವಿರ ವೋಲ್ಟ್ ಬೇಕಾದರೆ ಇದಕ್ಕೆ ಕೆಲವು ಹತ್ತು ವೋಲ್ಟ್ ಸಾಕು. ಎಂಆರ್‌ಐ ಅಯಸ್ಕಾಂತದ ನಡುವೆಯೂ ಕೆಡಲ್ಲ. ಎರಡು ಕಿರಣ ಬಂದ ಸಮಯದ ವ್ಯತ್ಯಾಸವನ್ನೂ ಸೆಕೆಂಡಿನ ಕೋಟಿಯ ಸಣ್ಣ ಪಾಲಿನಲ್ಲಿ ಅಳೆಯುತ್ತೆ. 200 ಪಿಕೋಸೆಕೆಂಡ್ ನಿಖರತೆ ಅಂದ್ರೆ ಮೂಲದ ಜಾಗ ಸುಮಾರು 3 ಸೆಂಟಿಮೀಟರಿನೊಳಗೆ ಸಿಕ್ಕಂತೆ. ಚಿತ್ರದ ಗದ್ದಲ ಕಮ್ಮಿ, ಔಷಧಿಯೂ ಕಮ್ಮಿ ಸಾಕು.

ಕಮ್ಮಿ ಸಾಕು ಅನ್ನೋದು ನಮ್ಮಂಥ ಜಿಲ್ಲೆಗೆ ದೊಡ್ಡ ಮಾತು. ಆ ಔಷಧಿಯ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತೆ. ಸೈಕ್ಲೋಟ್ರಾನ್ ಇರೋ ಊರಿಂದ ಹೊರಟು ಸುಮಾರು ನಾಲ್ಕು ತಾಸಲ್ಲಿ ರಾಯಚೂರು ಮುಟ್ಟಿದರೆ ಕಾಲು ಭಾಗಕ್ಕಿಂತ ಕಮ್ಮಿ ಉಳಿದಿರುತ್ತೆ. ಕಣ್ಣು ಚುರುಕಾದಷ್ಟೂ ಆ ಕಾಲು ಭಾಗವೂ ಕೆಲಸಕ್ಕೆ ಬರುತ್ತೆ. ದೂರದ ಊರಿನವರಿಗೆ ಸಿಲಿಕಾನ್ ಚೂರಿನ ನಿಜವಾದ ಬೆಲೆ ಇದೇ.