ಮೊಸರಿನ ಸಂಜೀವಿನಿ

1904ನೆಯ ಇಸವಿಯ ಜೂನ್ ತಿಂಗಳಲ್ಲಿ, ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಯಾದ ಎಲೀ ಮೆಚ್ನಿಕಾಫನು ಸಾರ್ವಜನಿಕ ಸಭೆಯೊಂದರಲ್ಲಿ ವಾರ್ಧಕ್ಯವನ್ನು ಕುರಿತು ಉಪನ್ಯಾಸ ಮಾಡಿ, ಬಲ್ಗೇರಿಯದ ರೈತರು ದೀರ್ಘಾಯುಗಳಾಗಿರುವುದಕ್ಕೆ ಅವರು ಹೇರಳವಾಗಿ ಸೇವಿಸುವ ಮೊಸರು ಕಾರಣವಾಗಿರಬಹುದೆಂದು ಸೂಚಿಸಿದನು. ಉಪನ್ಯಾಸಕನು ಊಹೆಯೆಂದು ಹೇಳಿದ್ದನ್ನು ವೃತ್ತಪತ್ರಿಕೆಗಳು ಸಿದ್ಧಾಂತವೆಂದು ಹಬ್ಬಿಸಿದುವು.

ಮೆಚ್ನಿಕಾಫನು ಸಾಮಾನ್ಯನಲ್ಲ. 1845ರಲ್ಲಿ ಖಾರ್ಕೋವಿನ ಬಳಿ ಜನಿಸಿದ ಈತನು, 1882ರಲ್ಲಿ ಇಟಲಿಯ ಮೆಸೀನಾ ಪಟ್ಟಣದಲ್ಲಿ, ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳನ್ನು ಚುಚ್ಚಿ, ಅದರ ಸುತ್ತ ಸಂಚಾರಿ ಜೀವಕೋಶಗಳು ಮುತ್ತಿಕೊಂಡುದನ್ನು ನೋಡಿ, ದೇಹರಕ್ಷಣೆಯ ರಹಸ್ಯವನ್ನು ಅಲ್ಲಿ ಕಂಡುಕೊಂಡನು. ರೋಗಾಣುಗಳನ್ನು ನುಂಗುವ ಈ ಭಕ್ಷಕಕೋಶಗಳ ಶೋಧನೆಯೇ 1908ರಲ್ಲಿ, ಪಾಲ್ ಎರ್ಲಿಕ್‌ನೊಡನೆ, ಆತನಿಗೆ ನೊಬೆಲ್ ಪಾರಿತೋಷಕವನ್ನು ತಂದಿತು.

ಮುಪ್ಪಿನ ವಿಚಾರವೂ ಈ ಶೋಧನೆಯ ಕವಲೇ. ದೊಡ್ಡ ಕರುಳಿನಲ್ಲಿ ಆಹಾರಶೇಷವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಫಿನಾಲ್, ಇಂಡೋಲ್ ಮುಂತಾದ ವಿಷಗಳನ್ನು ಹುಟ್ಟಿಸುವುವೆಂದೂ, ಅವು ರಕ್ತಗತವಾಗಿ ಅಂಗಾಂಗಗಳನ್ನು ದುರ್ಬಲಗೊಳಿಸಲು, ರಕ್ಷಕರಾಗಿದ್ದ ಭಕ್ಷಕಕೋಶಗಳೇ ಸೋತ ಅಂಗಗಳನ್ನು ತಿನ್ನತೊಡಗುವುವೆಂದೂ ಆತನು ಭಾವಿಸಿದನು. ಕೂದಲು ನರೆಯುವುದು ಕೂಡ ಅವು ಅದರ ಬಣ್ಣವನ್ನು ಕಬಳಿಸುವುದರಿಂದಲೇ ಎಂಬುದು ಆತನ ಮತ. ಹಾಲು ಹುಳಿತರೆ ಕೊಳೆಯದು. ಆದುದರಿಂದ ಹುಳಿಯನ್ನುಂಟುಮಾಡುವ ಜೀವಿಗಳನ್ನೇ ಕರುಳಿಗೆ ಕಳುಹಿಸಿದರೆ ಅಲ್ಲಿಯ ಕೊಳೆತವೂ ನಿಲ್ಲಬೇಡವೆ? ಜಿನೀವಾದಲ್ಲಿ ವ್ಯಾಸಂಗಮಾಡುತ್ತಿದ್ದ ಬಲ್ಗೇರಿಯದ ತರುಣ ಸ್ತಾಮೆನ್ ಗ್ರಿಗೋರಾಫನು 1905ರಲ್ಲಿ ತನ್ನ ನಾಡಿನ ಮೊಸರಿನಿಂದ ಅಂಥ ಜೀವಿಯೊಂದನ್ನು ಬೇರ್ಪಡಿಸಿದುದು ಈ ತರ್ಕಕ್ಕೆ ಪುಷ್ಟಿಯನ್ನಿತ್ತಿತು. ಮೆಚ್ನಿಕಾಫನು ಹುಳಿಹಾಲನ್ನು ತಾನೂ ತಪ್ಪದೆ ಸೇವಿಸಿದನು.

ವಾಣಿಜ್ಯವು ಪ್ರಮಾಣಕ್ಕಾಗಿ ಕಾಯಲಿಲ್ಲ. ಮೊಸರಿನ ಜೀವಿಗಳು ಗುಳಿಗೆಗಳಾಗಿ ಅಂಗಡಿ ಸೇರಿದುವು. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನನು, ಕರುಳಿನ ವಿಷದ ಭಯವನ್ನೇ ಆಧಾರಮಾಡಿಕೊಂಡು, ಹಲವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದನು. 1919ರಲ್ಲಿ ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೋ ಆರಂಭಿಸಿದ ಡನೋನ್ ಮೊಸರು ಮೊದಲು ಮಾರಾಟವಾದುದು ಔಷಧದ ಅಂಗಡಿಗಳಲ್ಲಿ. ಜಪಾನಿನ ಮಿನೊರು ಶಿರೋಟನು 1930ರಲ್ಲಿ ಪ್ರತ್ಯೇಕಿಸಿದ ಜೀವಿಯಿಂದ 1935ರಲ್ಲಿ ಯಾಕುಲ್ಟ್ ಎಂಬ ಪಾನೀಯವು ಹೊರಬಂದಿತು.

ಇಷ್ಟರೊಳಗೆ ಸಿದ್ಧಾಂತದ ಬುಡ ಅಲುಗಿತ್ತು. ಮೆಚ್ನಿಕಾಫನು 1916ರಲ್ಲಿ, ಶತಾಯುಷ್ಯಕ್ಕೆ ಬಹುದೂರದಲ್ಲಿ, 71ನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡನು. ಬಲ್ಗೇರಿಯದ ಜೀವಿಯು ಮನುಷ್ಯನ ಕರುಳಿನಲ್ಲಿ ನೆಲೆಯೂರಲಾರದೆಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಲಿಯೊ ರೆಟ್‌ಗರ್ ಮೊದಲಾದವರು ತೋರಿಸಿದರು. ಜನನದ ದಾಖಲೆ ದುರ್ಲಭವಾದ ಹಳ್ಳಿಗಳಲ್ಲಿ ಮುದುಕರು ಹೇಳಿದ ವಯಸ್ಸೇ ಲೆಕ್ಕಕ್ಕೆ ಬಂದುದರಿಂದ, ದೀರ್ಘಾಯುಷ್ಯದ ಕಥೆಯೂ ಗಟ್ಟಿಯಾಗಿ ನಿಲ್ಲಲಿಲ್ಲ.

ಆದರೂ ಆತನು ಕೇಳಿದ ಪ್ರಶ್ನೆ ಅಳಿಯಲಿಲ್ಲ. ಕೆಲವೇ ತಿಂಗಳು ಬದುಕುವ ಆಫ್ರಿಕದ ಮೀನೊಂದಕ್ಕೆ, ಅದರ ನಡುವಯಸ್ಸಿನಲ್ಲಿ, ಎಳೆಯ ಮೀನುಗಳ ಕರುಳಿನ ಜೀವಿಗಳನ್ನು ಕೊಟ್ಟಾಗ ಆಯುಷ್ಯ ಹೆಚ್ಚಿತೆಂದು ಜರ್ಮನಿಯ ಕಲೋನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಶತಾಯುಗಳ ಕರುಳಿನ ಕೆಲವು ಜೀವಿಗಳು ರೋಗಾಣುಗಳನ್ನು ತಡೆಯುವ ವಿಶಿಷ್ಟವಾದ ಪಿತ್ತಾಮ್ಲವೊಂದನ್ನು ನಿರ್ಮಿಸಬಲ್ಲುವೆಂದು ಜಪಾನಿನ ವಿದ್ವಾಂಸರು 2021ರಲ್ಲಿ ತಿಳಿಸಿದರು. ಮೀನಿನಲ್ಲಿ ಕಂಡುದು ಮನುಷ್ಯನಲ್ಲಿಯೂ ನಡೆಯುವುದೆಂಬುದಕ್ಕಾಗಲಿ, ಶತಾಯುಗಳ ದೀರ್ಘಾಯುಷ್ಯಕ್ಕೆ ಆ ಜೀವಿಗಳೇ ಕಾರಣವೆಂಬುದಕ್ಕಾಗಲಿ ಈ ಸಂಶೋಧನೆಗಳು ಪ್ರಮಾಣವಾಗಲಾರವು. ಹೆಪ್ಪು ಹಾಕಿ ಮೊಸರು ಮಾಡುವ ವಿದ್ಯೆಯನ್ನು ಯಾವ ಉಪನ್ಯಾಸದಿಂದಲೂ ಕಲಿಯದ ನಮ್ಮ ಮನೆಗಳಲ್ಲಿ, ಅದನ್ನು ಒಳ್ಳೆಯ ಆಹಾರವೆಂದು ಉಂಡರೆ ಸಾಕು. ಆಯುಷ್ಯದ ಆಸೆಯಿಂದ ಅದಕ್ಕೆ ಔಷಧದ ಬೆಲೆ ತೆರುವುದು ಸಲ್ಲದು.